ಲೈನ್ ಕ್ಲಿಯರ್

ಮಡಿಕೇರಿಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು
‘ವೈರಿನ ಮೇಲಿನ ರಬ್ಬರು ಸುಲಿದ ಹಾಗೆ’ ಎಂದರು.
ಬೆರಳಿಟ್ಟಲ್ಲೆಲ್ಲ ಒಂದೊಂದು ಬಿಳಿ ಕಲೆ.
ಸುಲಿದವರು ಹೊರಗಿನವರಲ್ಲವಂತೆ,
ನನ್ನ ರಕ್ತದ ಕಾವಲಿನವರೇ.

ಇಪ್ಪತ್ತೆರಡು ವರ್ಷ ನಾಪೋಕ್ಲಿನ ಲೈನ್‌ಮ್ಯಾನ್ ನಾನು.
ಹೇಳಬೇಕೆನಿಸಿತು: ಮೇಡಂ, ನಮ್ಮ ತಂತಿಗೆ ರಬ್ಬರೇ ಇಲ್ಲ.
ಬರಿಮೈ. ಪಿಂಗಾಣಿ ಬಟ್ಟಲ ಮೇಲೆ ಕೂತು
ಒಂದಕ್ಕೊಂದು ತಾಗದಷ್ಟು ದೂರ,
ಅಷ್ಟೇ ಅದರ ಕಾಪು.
ಹೊರಟೆ. ‘ಪಿಂಗಾಣಿ’ ಸಿಗಲಿಲ್ಲ.
ಕೈಯಲ್ಲೇ ಬಟ್ಟಲು ಮಾಡಿ ತೋರಿಸಿದೆ.
ಕಾಫಿ ಬೇಕಾ ಎಂದು ಕೇಳಿದರು.

ನೂರರಿಂದ ಏಳೇಳು ಕಳೆಯಿರಿ.
ತೊಂಬತ್ತಮೂರು. ಎಂಬತ್ತಾರು.
ಅಲ್ಲಿಗೆ ಕಂಬ ಮುಗಿಯಿತು.
ಒಂದು ನಿಮಿಷ, ನೆನಪಾದಷ್ಟು ಪ್ರಾಣಿ ಹೇಳಿ.
ಆನೆ ಎಂದೆ. ಹಂದಿ ಎಂದೆ.
ಆಮೇಲೆ ಬಲ್ಲಮಾವಟಿ ತಿರುವಿನಲ್ಲಿ
ಕಂಬಕ್ಕೆ ಬೆನ್ನುಜ್ಜುತ್ತಿದ್ದ ಆ ಒಂಟಿ ಸಲಗ,
ಬೆಳಗಿನ ತನಕ ಮೇಲೇ ಕೂತಿದ್ದ ನಾನು...
ನಿಮಿಷ ಮುಗಿದದ್ದು ಗೊತ್ತಾಗಲಿಲ್ಲ.

ಹೋದ ವರ್ಷ ಆಟಿಯಲ್ಲಿ ಮೊಯ್ದು ಕಂಬದ ಮೇಲಿಂದ ಕೂಗಿದ:
‘ಲೈನ್ ಕ್ಲಿಯರಾ, ಅಣ್ಣಾ?’
ಕ್ಲಿಯರ್, ಎಂದೆ.
ನಾನು ಎಳೆದದ್ದು ಎಮ್ಮೆಮಾಡಿನ ಸ್ವಿಚ್ಚು.
ಅವನಿದ್ದದ್ದು ಚೆಯ್ಯಂಡಾಣೆಯ ಲೈನಿನಲ್ಲಿ.
ಮುಟ್ಟುವ ಮೊದಲು ಟೆಸ್ಟರ್ ಹಿಡಿ ಎಂದು
ಕಲಿಸಿದವನೂ ನಾನೇ; ಅದಕ್ಕೇ ಇವತ್ತೂ
ತನ್ನ ಮಗಳನ್ನು ಶಾಲೆಗೆ ಬಿಡುತ್ತಾನೆ.
ಅವನು ಯಾರಿಗೂ ಹೇಳಲಿಲ್ಲ.
ನಾನೇ ಹೋಗಿ ಬರೆದುಕೊಟ್ಟೆ.

ಎರಡನೇ ಸಲ ಆ ಗಡಗಡ ಕೊಳವೆಯೊಳಗೆ ಮಲಗಿಸಿ
ಕಿವಿಗೆ ಸಣ್ಣ ಸಣ್ಣ ಕೂಡುವ ಲೆಕ್ಕ ಕೊಟ್ಟರು.
ಚಿತ್ರದಲ್ಲಿ, ಬೇರೆಯವರ ತಲೆಯೊಳಗೆ
ನಾಲ್ಕು ಮನೆಗೆ ದೀಪ.
ನನ್ನದರಲ್ಲಿ ಮೂರಕ್ಕೆ ಐದು ಕೂಡಲು
ಅರ್ಧ ಊರೇ ಎದ್ದು ಕೂತಿದೆ.

ಇದು ಮಾತ್ರ ಅರ್ಥವಾಯಿತು.
ಒಂದು ಲೈನು ಬಿದ್ದರೆ ಸುತ್ತಿ ಬಳಸಿ
ಕಕ್ಕಬೆ ಕಡೆಯಿಂದ ಕೊಡುತ್ತೇವೆ.
ಬಲ್ಬು ಮಂಕು, ಮಿಕ್ಸಿ ತಿರುಗದು, ಬೈಗುಳ ಬರುತ್ತದೆ.
ಕತ್ತಲೆಯಂತೂ ಅಲ್ಲ.
ಸಂಜೆ ಐದಕ್ಕೇ ಮೈ ಚೆಲ್ಲಿದರೆ
ಸೋಮಾರಿ ಎನ್ನುತ್ತಿದ್ದ ದಮಯಂತಿಗೆ ಚಿತ್ರ ಕೊಟ್ಟೆ.
ತಿರುಗಿಸಿ ತಿರುಗಿಸಿ ನೋಡಿದಳು.
‘ಇಷ್ಟೊಂದು ಜನ ದುಡೀತಾರಾ?’ ಎಂದಳು.

ಈಗ ಆಫೀಸಿನ ಫೋನು ನನ್ನ ಕೆಲಸ.
ಹಲೋ, ಕರೆಂಟಿಲ್ಲ, ಎನ್ನುತ್ತಾರೆ.
ಎಲ್ಲಿಂದ? ಇನ್ನೊಮ್ಮೆ ಹೇಳಿ. ಇನ್ನೂ ನಿಧಾನ.
ಬರೆದದ್ದನ್ನು ಓದಿ ಹೇಳುತ್ತೇನೆ,
ಅವರು ಹೂಂ ಅನ್ನುವವರೆಗೆ
ಪೆನ್ನು ಕೆಳಗಿಡುವುದಿಲ್ಲ.