ಙ

ದಾವಣಗೆರೆ ಮಂಡಿಪೇಟೆಯ ಹಳೇ ಬೋರ್ಡುಗಳೆಲ್ಲ
ಬಕ್ಕಪ್ಪನ ಕುಂಚದವೇ.
‘ಬೆಣ್ಣೆ’ಯ ಒತ್ತು ಕಾವಲಿ ಮೇಲೆ ಜಾರಿದಂತೆ,
‘ಜವಳಿ’ಯ ಳಿ ಸೆರಗು ಬೀಸಿದಂತೆ.

ಈಗ ಆ ಕೈ ಫಾಂಟ್ ಆಗಬೇಕಂತೆ.
ಮೊಮ್ಮಗಳ ಗೆಳತಿ ಶಾಹೀನಾ ಹಾಳೆ ಹಾಸಿದ್ದಾಳೆ:
“ಒಂದೂ ಬಿಡಂಗಿಲ್ಲ ಅಜ್ಜಾರೆ, ಪೂರ್ತಿ ವರ್ಣಮಾಲೆ.”

ಕ ಖ ಗ ಘ, ಸರಸರ.
ಆಮೇಲೆ ಕುಂಚ ನಿಂತಿತು.

ನಲವತ್ತು ವರ್ಷ ಏಣಿ ಮೇಲೆ,
ಒಬ್ಬ ಸಾಹುಕಾರನೂ ಕೇಳಲಿಲ್ಲ ಇದನ್ನ.
ಙ-ದಿಂದ ಏನು ಮಾರ್ತಾರೆ?

ತುದಿಯಲ್ಲಿ ಬಣ್ಣ ದಪ್ಪಗಾಗುತ್ತಿದೆ.
ಹೊರಗೆ ಮಂಡಕ್ಕಿ ಭಟ್ಟಿಯ ಹೊಗೆ.
ಮರಳಿನ ತಟ್ಟೆ, ಮೇಷ್ಟರ ಹಿಡಿಯೊಳಗೆ ತನ್ನ ಬೆರಳು…
ಉಸಿರು ಕಟ್ಟಿ ಎಳೆದ.

ಕೊಂಚ ವಾಲಿತು.
“ಇನ್ನೊಂದ್ಸಲ?” ಅಂದಳು.
“ಹಂಗೇ ಇರ್ಲಿ ಬಿಡವ್ವ,
ಈಗಿನ್ನ ಹುಟ್ಟೈತಿ.”