ನೀಲಿ ಟಾರ್ಪಾಲಿನ ಮೇಲೆ

ಗುರುವಾರ, ಭಾನುವಾರ, ಎಲ್ ಆಲ್ತೋ ಸಂತೆಯಲ್ಲಿ
ಹಳೇ ಟೈರಿನವನಿಗೂ ಕೋಳಿಮರಿಯವಳಿಗೂ ನಡುವೆ
ನನ್ನದೊಂದು ನೀಲಿ ಟಾರ್ಪಾಲು.
ಅದರ ಮೇಲೆ ಸಾಲಾಗಿ ಹೆಡ್‌ಫೋನು:
ಕಪ್ಪು, ಕೆಂಪು, ಸ್ಪಂಜು ಉದುರಿದ್ದು,
ಯಾರದೋ ಬೆವರು ಕುಡಿದು ಬಿರುಕುಬಿಟ್ಟದ್ದು.
ನಾಲ್ಕು ಸಾವಿರ ಮೀಟರು ಎತ್ತರದ ಗಾಳಿ
ಎಲ್ಲವನ್ನೂ ಮೊದಲು ತಾನೇ ಹಾಕಿಕೊಂಡು ನೋಡುತ್ತದೆ.

ಸುಳ್ಳೇಕೆ, ಕಿವಿಗೆ ಹೂವಿಡುವುದೇ ನನ್ನ ಕಸುಬು.
ಹುಡುಗರು ಬರುತ್ತಾರೆ: "ಬೇಸ್ ಇದೆಯಾ ಮಾವ?"
ಕೆಂಪಂಚಿನದನ್ನು ತಲೆಗೇರಿಸುತ್ತೇನೆ.
ನಲವತ್ತು ಬೊಲಿವಿಯಾನೊ ಎಣಿಸಿ ಹೋಗುತ್ತಾರೆ
ಗುಡುಗನ್ನೇ ಕೊಂಡವರ ಹಾಗೆ.

ಸತುರ್ನಿನಾ ಕಾಯಿಸಾಯ ಹಾಗೆ ಬಂದವಳಲ್ಲ.
ಉಗುರಿನಲ್ಲಿ ಹಿಟ್ಟು, ಬೇಕರಿಯ ಒಲೆಯಿಂದ ನೇರ.
ಶಾಲಿನ ಗಂಟು ಬಿಚ್ಚಿ ತೆಗೆದದ್ದು
ಮೊದಲು ಫೋನು, ಆಮೇಲೆ ಸಿಕು:
ಸಾಲಾಗಿ ಕಟ್ಟಿದ ಆರು ಕೊಳವೆ.
ಅಂದರೆ ಅರ್ಧ.

ನಮ್ಮಲ್ಲಿ ಒಂದು ರಾಗಕ್ಕೆ ಇಬ್ಬರ ಎದೆ ಬೇಕು.
ಒಂದು ಸ್ವರ ಇವಳದು, ಮುಂದಿನದು ಅವನದು.
ಇರಾ ಕರೆಯಬೇಕು, ಆರ್ಕಾ ಓಗೊಡಬೇಕು.
ಇವಳ ಆರ್ಕಾ, ಅಣ್ಣ ಓವಿದಿಯೊ,
ಸಾವೊ ಪಾವ್ಲೋದಲ್ಲಿ ಜೀನ್ಸ್ ಹೊಲಿಯುತ್ತಾನೆ.

"ಎರಡನ್ನೂ ನಾನೇ ಊದುತ್ತೇನೆ," ಅಂದಳು,
"ಬೀರುವಿನಲ್ಲಿ ಕೂತು, ಕಂಬಳಿ ಹೊದ್ದು.
ಎಡಗಿವಿಗೆ ಇರಾ. ಅದನ್ನು ಕೇಳುತ್ತ
ಬಲಗಿವಿಗೆ ಆರ್ಕಾ.
ಸೋರುವುದು ಬೇಡ. ಕಿವಿಯಲ್ಲಿದ್ದದ್ದು ಮೈಕಿಗೆ ಬೀಳಬಾರದು.
ದುಡ್ಡೂ ಇಷ್ಟೇ."

ಬೆನ್ನಿಗೆ ಜಾಲರಿ ಇರುವುದನ್ನು ಕೊಟ್ಟೆ. ಹಗುರ, ಹವೆಯಾಡುತ್ತದೆ.
ಕೋಳಿಮರಿಯವಳು ಅಲ್ಲಿಂದಲೇ ತಾಳಕ್ಕೆ ತಲೆಯಾಡಿಸಿದಳು.
"ಕೇಳುವುದಕ್ಕೆ ಚಂದ, ಹಿಡಿಯುವುದಕ್ಕಲ್ಲ."
ಕೆಳಗಿಟ್ಟಳು.

ಕೆಂಪಂಚಿನದು ಕೊಟ್ಟೆ. ಕಣ್ಣು ಮುಚ್ಚಿದಳು.
"ಅಯ್ಯೋ, ಎಷ್ಟು ಚೆನ್ನಾಗಿ ಊದಿದ್ದೇನೆ!"
ನಗು ಅರ್ಧಕ್ಕೇ ನಿಂತಿತು.
"ಇಷ್ಟು ಚೆನ್ನಾಗಿ ನಾನು ಊದುವುದಿಲ್ಲವಲ್ಲ."
ಹಿತ್ತಾಳೆ ಕಿವಿಯಲ್ಲ ಇದು, ಆಗ ತಿಳಿಯಿತು ನನಗೆ.

ಉಳಿದದ್ದು ಬೂದುಬಣ್ಣದ್ದೊಂದು,
ಯಾವುದೋ ರೇಡಿಯೊ ಸ್ಟೇಷನ್ನು ಮುಚ್ಚಿದಾಗ
ಮೂಟೆಯಲ್ಲಿ ಬಂದದ್ದು. ತಲೆಪಟ್ಟಿಗೆ ಟೇಪು ಸುತ್ತಿದೆ.
ಉಪ್ಪಿಲ್ಲದ ಸಾರಿನ ಹಾಗೆ,
ಯಾರೂ ಎರಡನೇ ಸಲ ಕೇಳಿದವರಿಲ್ಲ.

ಹಾಕಿಕೊಂಡಳು. ಕಿವಿಯ ಸುತ್ತ ಒತ್ತಿ ಕೂತಿತು.
ಸಂತೆ ಅವಳ ಪಾಲಿಗೆ ಅಳಿಯಿತು.
ಮೇಲೆ ಕೇಬಲ್ ಕಾರುಗಳು ಸದ್ದಿಲ್ಲದೆ ಜಾರಿದವು.
ಹುಬ್ಬು ಗಂಟಿಕ್ಕಿತು.
"ಮೂರನೇ ಸಾಲಿಗೆ ತಡವಾಗಿದ್ದೇನೆ, ಕೂದಲೆಳೆಯಷ್ಟು.
ಒಂದು ಕಡೆ ಉಸಿರು ಸೀಳಿದೆ.
ಹಿಂದೆ ಕುಕ್ಕರು ಕೂಗುತ್ತಿದೆ,
ಇಷ್ಟು ದಿನ ಗೊತ್ತೇ ಇರಲಿಲ್ಲ."

ವ್ಯಾಪಾರ ಕೆಟ್ಟಿತು ಅಂದುಕೊಂಡೆ.
"ಎಷ್ಟು?" ಅಂದಳು.
ನೂರಿಪ್ಪತ್ತು ಎನ್ನುವಷ್ಟರಲ್ಲಿ
ಬಾಯಿ ತಾನಾಗಿ ನಿಜ ಹೇಳಿಬಿಟ್ಟಿತು:
"ವೈರು ಇಲ್ಲಿ ಬಗ್ಗಿದರೆ ಬಲಗಿವಿ ಹೋಗುತ್ತದೆ."

ಬಗ್ಗಿಸಿದಳು. ಹೋಯಿತು.
ತೆಗೆದಿಡುತ್ತಾಳೆ ಎಂದು ಕೈ ಚಾಚಿದರೆ
ಕೊಡಲಿಲ್ಲ.
ಬೆಚ್ಚಗಿನ ಆಪಿಯ ಲೋಟ ನನ್ನ ಕೈಯಲ್ಲೇ ಆರಿತು,
ಟೈರಿನವನು ಎರಡು ಟೈರು ಮಾರಿದ,
ಅವಳು ಕೇಳುತ್ತಲೇ ಇದ್ದಳು
ಬರೀ ಇರಾ: ಒಂದು ಸ್ವರ, ಒಂದು ಖಾಲಿ,
ಒಂದು ಸ್ವರ, ಒಂದು ಖಾಲಿ,
ಹಲ್ಲು ಬಿದ್ದ ಮಗುವಿನ ಬಾಯಿಯಂತೆ ರಾಗ.

"ಇದನ್ನೇ ಕಳಿಸುತ್ತೇನೆ ಅವನಿಗೆ," ಅಂದಳು ಕೊನೆಗೆ,
"ಹೀಗೇ, ಜಾಗ ಬಿಟ್ಟು.
ಹೊಲಿಗೆ ಯಂತ್ರ ನಿಂತ ಮೇಲೆ ಊದಲಿ.
ತಡವಾದರೆ ಆಗಲಿ."

ತೊಂಬತ್ತೈದಕ್ಕೆ ಮುಗಿಯಿತು, ಬೆಸುಗೆ ಸೇರಿ.
ಕಾವೇರಿದ ಸೀಸದ ಹೊಗೆಗೆ ಇಬ್ಬರೂ ಮುಖ ತಿರುಗಿಸಿದೆವು.

ಸಂಜೆ ಟಾರ್ಪಾಲು ಮಡಿಸುವಾಗ
ಫೋನಿನಲ್ಲಿ ನನ್ನದೇ ಕೂಗು ಹಿಡಿದು
ಕೆಂಪಂಚಿನದರಲ್ಲಿ ಕೇಳಿದೆ:
"ಬನ್ನಿ ಬನ್ನಿ, ನಲವತ್ತೇ ನಲವತ್ತು!"
ರಾಜಗಾಂಭೀರ್ಯ.
ನಂಬಲಿಲ್ಲ.