ಬಿಡಲು ಕಾರಣ

ನನ್ನ ಬಳಿ ಏಳು ಟಿ.ಸಿ.ಗಳಿವೆ.
ಶಹಾಪುರ, ಸುರಪುರ, ಮುದ್ದೇಬಿಹಾಳ,
ಆಮೇಲಿನವು ಕ್ರಮ ತಪ್ಪುತ್ತವೆ.
ಎಲ್ಲದರಲ್ಲೂ ನಡತೆ ಉತ್ತಮ.
ಎಲ್ಲದರಲ್ಲೂ ಎಡಗೆನ್ನೆಯ ಮೇಲೊಂದು ಕಪ್ಪು ಮಚ್ಚೆ.
ಶಾಲೆ ಬಿಡಲು ಕಾರಣ: ತಂದೆಯ ವರ್ಗಾವಣೆ
ಎಂದು ಹೆಡ್ಮಾಸ್ತರರ ಕೈ ರೂಢಿಯಂತೆ ಬರೆದುಬಿಡುತ್ತಿತ್ತು.
ಅವ್ವ ಮೇಜು ಬಿಟ್ಟು ಕದಲದೆ
ತಂದೆಗೆ ಕಾಟು ಹಾಕಿಸಿ, ತಾಯಿ ಎಂದು ಬರೆಸಿ,
ಕಾಟಿನ ಪಕ್ಕ ಸಹಿ, ಸಹಿಯ ಮೇಲೆ ಮೊಹರು ಒತ್ತಿಸಿ
ಆಮೇಲೇ ನನ್ನ ಕೈ ಹಿಡಿಯುತ್ತಿದ್ದಳು.
ನರ್ಸಮ್ಮನ ಮಗಳು ಹೊರಟಳು.

ಈಗ ಡುಲೂತ್. ಫೆಬ್ರವರಿ ಇಪ್ಪತ್ತೆಂಟು.
ಆಚೆ ದಡ ಕಾಣದ ಇದಕ್ಕೆ ಇಲ್ಲಿಯವರು ಕೆರೆ ಅನ್ನುತ್ತಾರೆ,
ಹೆಪ್ಪುಗಟ್ಟಿ ಬಿದ್ದಿದೆ, ಬೆಳ್ಳಗೆ, ಏನೂ ಬರೆಯದ ಹಾಳೆ.
ಹಡಗು ಬಂದರೆ ಏಳುವ ಸೇತುವೆ
ಹಡಗಿಲ್ಲದೆ ಸುಮ್ಮನೆ ಸೇತುವೆಯಾಗಿದೆ.
ನಾಳೆ ನಡುರಾತ್ರಿಗೆ ಮ್ಯಾಡಿಸನ್ನಿನ ಅರ್ಜಿ ಮುಚ್ಚುತ್ತದೆ.
ಪರದೆಯ ಮೇಲೆ ಅದೇ ಹಳೆಯ ಕಾಲಂ, ಬಹಳ ವಿನಯದಲ್ಲಿ:
ಈಗಿನ ಕಾಲೇಜನ್ನು ಏಕೆ ಬಿಡಬಯಸುತ್ತೀರಿ?
ಆರುನೂರ ಐವತ್ತು ಪದ ಮೀರದಂತೆ.
ಹೆಡ್ಮಾಸ್ತರರಿಗೆ ಎರಡು ಸಾಕಾಗುತ್ತಿದ್ದವು.

ಕಾರಣವಿಲ್ಲವೆಂದಲ್ಲ.
ನಕ್ಷೆ ಬರೆಯುವುದು ಕಲಿಯಲು ಬಂದೆ,
ಬಂದ ವರ್ಷವೇ ಭೂಗೋಳ ವಿಭಾಗ ಮುಚ್ಚಿದರು.
ಉಳಿದವರು ಹಾಲ್ವರ್ಸನ್ ಒಬ್ಬರೇ,
ಅವರ ಕೋಣೆಯಲ್ಲಿ ನಕ್ಷೆಯ ಬೀರುಗಳು,
ಬೀರುಗಳ ಮೇಲೆ ಈಗ ಯಾರದೋ ಪ್ರಿಂಟರ್.
ಆದರೆ ಇಲ್ಲಿ ಫೀ ಇಲ್ಲ, ಪೂರ್ತಿ ಮಾಫಿ.
ಅಲ್ಲಿ ಅರ್ಧ.
ಇಲ್ಲಿ ಬ್ರಿಟಾ ಇದ್ದಾಳೆ, ನೀಲಗಂಗಾ ಎಂಬ ನನ್ನ ಹೆಸರನ್ನು
ಒಂದಕ್ಷರವೂ ಉದುರಿಸದೆ ಕರೆಯಲು
ಇಡೀ ಅಕ್ಟೋಬರ್ ತೆಗೆದುಕೊಂಡವಳು.
ಇದನ್ನು ಯಾವ ಕಾಲಮ್ಮಿನಲ್ಲಿ ತುಂಬಲಿ?

ಶಿಫಾರಸು ಪತ್ರ ಕೇಳಲು ಹೋದೆ.
ಬರೆದಿಟ್ಟಿದ್ದೇನೆ, ಡಿಸೆಂಬರಿನಲ್ಲೇ, ಎಂದರು ಹಾಲ್ವರ್ಸನ್.
ನಾನು ಬಾಗಿಲಲ್ಲೇ ನಿಂತೆ.
ಉಳಿಯುವುದಾದರೂ ಬರೆದುಕೊಡುತ್ತೇನೆ,
ಆದರೆ ನೋಡು, ಉಳಿಯುವುದಕ್ಕೆ ಅರ್ಜಿ ನಮೂನೆಯೇ ಇಲ್ಲ.

ಸುರಪುರದಲ್ಲಿ ಖಾಜಾಸಾಬ ಟೇಲರ್
ನನ್ನ ಲಂಗದ ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಮಡಿಸಿಡುತ್ತಿದ್ದ.
ಹುಡುಗಿ ಬೆಳಿತಾಳ, ಬಿಚ್ಚಕೊಳ್ರಿ.
ಬಿಚ್ಚಿದಾಗ ಹಳೆಯ ಮಡಿಕೆಯ ಗೆರೆ ಮಾತ್ರ
ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.
ಈ ಕಾಲೇಜಿನೊಳಗೆ ಇನ್ನೆಷ್ಟು ಬೆರಳು ಮಡಿಕೆ ಉಳಿದಿದೆ
ಎಂದು ರಾತ್ರಿಯೆಲ್ಲ ತಡವುತ್ತೇನೆ.

ಫೋನಿನಲ್ಲಿ ಅವ್ವ ನಕ್ಕಳು.
ವರ್ಗಾ ಅಂದ್ರ ಮ್ಯಾಲಿಂದ ಬರಬೇಕವ್ವ,
ತಾನಾಗಿ ಬೇಡೋರು ಯಾರದಾರ?
ಆಮೇಲೆ ಮಾತಿಲ್ಲ. ಲೈನು ಹೋಯಿತೆಂದುಕೊಂಡೆ.
ಕುಕ್ಕರಿನ ಸೀಟಿ ಕೇಳಿಸಿತು, ಹೋಗಿರಲಿಲ್ಲ.
ಏಳರೊಳಗ ಒಂದು
ನಾನ ಬೇಡಿ ತಗೊಂಡಿದ್ದು.
ಯಾವುದು ಅಂತ ಕೇಳಬ್ಯಾಡ.

ಕೇಳಲಿಲ್ಲ.
ಏಳನ್ನೂ ಪರದೆಯ ಮೇಲೆ ಸಾಲಾಗಿ ತೆರೆದೆ.
ತಾಯಿಯ ವರ್ಗಾವಣೆ, ತಾಯಿಯ ವರ್ಗಾವಣೆ,
ಅದೇ ಕಾಟು, ಅದೇ ನೇರಳೆ ಮೊಹರು.
ಮುದ್ದೇಬಿಹಾಳದ್ದೊಂದು ನವೆಂಬರಿನದು,
ಅರ್ಧ ವರ್ಷಕ್ಕೆ ಯಾರನ್ನೂ ಕದಲಿಸುವುದಿಲ್ಲ ಸರಕಾರ.
ಆ ರಾತ್ರಿ ಬಸ್ಸಿನಲ್ಲಿ ಅವಳು
ಮಂಡಕ್ಕಿ ಪೊಟ್ಟಣ ಬಿಚ್ಚಿ ನನಗೆ ಕೊಟ್ಟು
ತಾನು ಏನೂ ತಿನ್ನದೆ, ಅಳದೆ,
ಮುಂದಿನ ಸೀಟಿನ ಕಂಬಿ ಹಿಡಿದು ಕೂತದ್ದು ನೆನಪಿದೆ.
ನಿದ್ದೆಗಣ್ಣಿನಲ್ಲಿ ನಾನು ಕೇಳಿದ್ದೆ, ಯಾವ ಊರು ಬಂತು?
ಇನ್ನೂ ಬಂದಿಲ್ಲ, ಮಲಗು.

ಆರಕ್ಕೆ ಮೆಸ್ಸಿನಲ್ಲಿ ತಟ್ಟೆ ತೊಳೆಯುವ ಪಾಳಿ.
ಅರ್ಧ ಗಂಟೆ ಉಳಿದಿದೆ.
ಕಾಲಂನಲ್ಲಿ ಬರೆದದ್ದನ್ನೆಲ್ಲ ಅಳಿಸಿ
ಮೊದಲ ಬಾರಿ ನನ್ನ ಕೈಯಲ್ಲೇ ಬರೆಯುತ್ತೇನೆ,
ನಕ್ಷೆ ಎಂಬ ಪದದಿಂದ ಶುರುಮಾಡಿ.
ಕಾಟು ಬಿದ್ದರೆ ಬೀಳಲಿ,
ಪಕ್ಕದಲ್ಲಿ ನನ್ನದೇ ಸಹಿ.
ಕಳಿಸುವ ಗುಂಡಿಯನ್ನು ಇನ್ನೂ ಒತ್ತಿಲ್ಲ.
ಕೆಳಗೆ ಬ್ರಿಟಾ ಕೂಗುತ್ತಿದ್ದಾಳೆ,
ನೀಲಗಂಗಾ, ಗ್ಲೌಸು ಮರೆತೆ.